ಓರೆಯ ದಪ್ಪಕ್ಷರ ಮತ್ತು ನಮ್ಮ ಶಾಲೆಯ ಫಲಕ

ರೊಳ್ಳದ ಬೀದಿಯಲ್ಲಿ ತೆಲುಗು ಮತ್ತು ಕನ್ನಡ ಫಲಕಗಳು ದೂರದಿಂದ ಒಂದೇ ಬಗೆಯಾಗಿ ತೋರುವುದರಲ್ಲಿ ಆಶ್ಚರ್ಯವಿಲ್ಲ. ನೆರೆಯ ಹೇಮಾವತಿಯು ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿದ್ದ ಕಾಲದಲ್ಲಿ ಎರಡು ಭಾಷೆಗಳಿಗೂ ಲಿಪಿ ಒಂದೇ ಆಗಿತ್ತು. ಇಂದಿಗೂ ಗ, ಜ, ನ, ಬ, ಲ ಮುಂತಾದ ಅಕ್ಷರಗಳ ಒಡಲು ಹೆಚ್ಚುಕಡಿಮೆ ಸಮಾನ. ಭೇದವನ್ನು ಮೊದಲು ಹೇಳುವುದು ತಲೆಕಟ್ಟು. ತೆಲುಗಿನದು, ಉಪಾಧ್ಯಾಯರು ಸರಿಯುತ್ತರದ ಪಕ್ಕದಲ್ಲಿ ಹಾಕುವ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ; ಕನ್ನಡದ್ದು ಅಡ್ಡವಾಗಿ ಹರಿದು ಬಲತುದಿಯಲ್ಲಿ ಕೊಂಚ ಮಡಿಯುತ್ತದೆ.

ದಾಖಲಾತಿಯ ದಿನಗಳಲ್ಲಿ, ವಾರ್ಷಿಕೋತ್ಸವದಲ್ಲಿ ಶಾಲೆಯ ಮುಂದೆ ಕಟ್ಟುವ ಫ್ಲೆಕ್ಸಿನ ಅಕ್ಷರಗಳು ಬಹುಮಟ್ಟಿಗೆ ದಪ್ಪವಾಗಿ, ಬಲಕ್ಕೆ ವಾಲಿರುತ್ತವೆ. ಲಾರಿಯ ಹಣೆಯ ಮೇಲೆ, ಸಿನಿಮಾದ ಭಿತ್ತಿಪತ್ರದ ಮೇಲೆ ಕಾಣುವ ಅಕ್ಷರವೂ ಇದೇ ಜಾತಿಯದು. ದಪ್ಪವು ದೂರಕ್ಕೆ ಕಾಣಲೆಂದು, ಓರೆಯು ವೇಗವನ್ನು ಸೂಚಿಸಲೆಂದು. ಎರಡೂ ನ್ಯಾಯವಾದ ಉದ್ದೇಶಗಳೇ. ಆದರೆ ಪಠ್ಯಪುಸ್ತಕದ ಹೊರಗೆ ನಮ್ಮ ಮಕ್ಕಳ ಕಣ್ಣಿಗೆ ಬೀಳುವ ಕನ್ನಡವೇ ಸ್ವಲ್ಪ. ಆ ಸ್ವಲ್ಪದಲ್ಲಿ ಅಕ್ಷರ ಕೆಟ್ಟಿದ್ದರೆ ಮಗು ಕೆಟ್ಟದ್ದನ್ನೇ ಕಲಿಯುತ್ತದೆ.

ಈ ಬಗೆಯ ಅಕ್ಷರ ಹುಟ್ಟಿದ್ದು ರೋಮನ್ ಲಿಪಿಯ ಅಚ್ಚುಮನೆಗಳಲ್ಲಿ. ವೆನಿಸ್ ನಗರದ ಆಲ್ಡಸ್ ಮನೂಷಿಯಸ್ 1501ರಲ್ಲಿ ವರ್ಜಿಲ್ ಕವಿಯ ಕೃತಿಯನ್ನು ಓರೆಯ ಅಕ್ಷರಗಳಲ್ಲಿ ಅಚ್ಚುಹಾಕಿದನು. ತುದಿಗೀಟುಗಳಿಲ್ಲದ, ಅಂದರೆ ಸ್ಯಾನ್ಸ್ ಸೆರಿಫ್ ಎನ್ನುವ ಅಚ್ಚಕ್ಷರವು 1816ರಲ್ಲಿ ಲಂಡನ್ನಿನಲ್ಲಿ ಕಾಣಿಸಿಕೊಂಡಿತು. ದಪ್ಪ, ಓರೆ, ಗೀಟಿಲ್ಲದ ಒಡಲು ಮೂರೂ ಕೂಡಿ ಜಾಹೀರಾತಿನ ಅಕ್ಷರವಾಯಿತು. ಅದು ಎರಡು ಮೂರು ಪದಗಳಿಗೆ ಹೇಳಿ ಮಾಡಿಸಿದ್ದು, ಪುಟ ತುಂಬಿಸುವುದಕ್ಕಲ್ಲ.

ಕನ್ನಡಕ್ಕೆ ಬಂದಾಗ ಲೆಕ್ಕ ಬೇರೆಯಾಗುತ್ತದೆ. ನಮ್ಮ ತಲೆಕಟ್ಟು ರೋಮನ್ ಅಕ್ಷರದ ತುದಿಗೀಟಿನಂತಹ ಅಲಂಕಾರವಲ್ಲ, ಅಕ್ಷರದ ಅಂಗ. ‘ಕ’ದ ತಲೆಕಟ್ಟು ಹೋಗಿ ಗುಡಿಸು ಬಂದರೆ ‘ಕಿ’ ಆಗುತ್ತದೆ. ಆದುದರಿಂದ ಎಷ್ಟೇ ಸರಳವಾದ ಅಚ್ಚಿನಲ್ಲಿಯೂ ಅದನ್ನು ಸವರಿ ಹಾಕುವಂತಿಲ್ಲ. ಇನ್ನು ಓರೆ. ರೋಮನ್ ಲಿಪಿಯಲ್ಲಿ ನಿಂತ ಗೀಟುಗಳು ಬಹಳ. ಅವು ವಾಲಿದೊಡನೆ ಕಣ್ಣಿಗೆ ತಿಳಿಯುತ್ತದೆ. ನಮ್ಮ ಅಕ್ಷರಗಳು ದುಂಡು. ವಾಲಿಸಿದರೆ ದುಂಡು ಮೊಟ್ಟೆಯಾಗುತ್ತದೆ, ತಲೆಕಟ್ಟಿನ ಅಡ್ಡಗೆರೆ ಮಾತ್ರ ಅಡ್ಡವಾಗಿಯೇ ಉಳಿಯುತ್ತದೆ. ವೇಗಕ್ಕಿಂತ ಹೆಚ್ಚಾಗಿ ಬೀಳುವ ಭಾವವೇ ಬರುತ್ತದೆ ಎಂದು ನನ್ನ ಅನಿಸಿಕೆ.

ಒತ್ತಕ್ಷರದ ಪಾಡು ಇನ್ನೂ ಕಷ್ಟ. ನಮ್ಮ ಊರಿನ ಹೆಸರನ್ನೇ ನೋಡಿ: ‘ಳ್ಳ’ದ ಒತ್ತು ಕೆಳಗೆ ಬಲಭಾಗದಲ್ಲಿ ಕೂರಬೇಕು. ಗಣಕಯಂತ್ರವು ನೆಟ್ಟಗಿನ ಅಕ್ಷರವನ್ನು ಬಲಕ್ಕೆ ಎಳೆದು ಓರೆ ಮಾಡುವಾಗ ಸಾಲಿನ ಮೇಲಿನ ಭಾಗ ಬಲಕ್ಕೆ ಸರಿಯುತ್ತದೆ, ಸಾಲಿನ ಕೆಳಗಿನ ಭಾಗ ಎಡಕ್ಕೆ ಸರಿಯುತ್ತದೆ. ಒತ್ತು ತನ್ನ ಜಾಗ ಬಿಟ್ಟು ಮೂಲಾಕ್ಷರದ ಹೊಟ್ಟೆಯ ಕೆಳಗೆ ನುಸುಳುತ್ತದೆ. ಜೊತೆಗೆ ದಪ್ಪವೂ ಸೇರಿದರೆ ಎರಡೂ ಅಂಟಿಕೊಳ್ಳುತ್ತವೆ. ಯಂತ್ರಕ್ಕೆ ಇದು ತಿಳಿಯದು, ಏಕೆಂದರೆ ಬಹುತೇಕ ಕನ್ನಡ ಫಾಂಟುಗಳಲ್ಲಿ ಓರೆಗೆಂದೇ ಬರೆದ ಅಕ್ಷರಗಳಿಲ್ಲ. ಗುಂಡಿ ಒತ್ತಿದಾಗ ಆಗುವುದು ಬರಿಯ ಎಳೆತ.

ದಪ್ಪದ ಅಪಾಯ ಅಕ್ಷರದ ಒಳಗಿದೆ. ಮಹಾಪ್ರಾಣದ ಸೀಳು, ‘ಠ’ ಮತ್ತು ‘ಥ’ಗಳ ಚುಕ್ಕಿ, ‘ಷ’ದ ಒಳಗೀಟು ಇವೆಲ್ಲ ಸಣ್ಣ ಬಿಳಿಯ ಜಾಗವನ್ನು ನಂಬಿ ಬದುಕುತ್ತವೆ. ಮಸಿ ಆ ಜಾಗವನ್ನು ತುಂಬಿದರೆ ‘ಧ’ಕಾರವು ‘ದ’ಕಾರವಾಗುತ್ತದೆ, ‘ಪಾಠ’ವು ‘ಪಾರ’ವಾಗುತ್ತದೆ. ‘ಕನ್ನಡ ಮಾಧ್ಯಮ ಪ್ರೌಢಶಾಲೆ’ ಎಂಬ ಮೂರು ಪದಗಳಲ್ಲಿಯೇ ಎರಡು ಸೀಳುಗಳಿವೆ, ಒತ್ತುಗಳೂ ಇವೆ. ‘ಸಹಾಯಧನ’ ಎಂದು ಬರೆಸಲು ಹೋಗಿ ಸೀಳು ಮುಚ್ಚಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟಬೇಕಾದದ್ದನ್ನು ಶಾಲೆ ಹಂಚುತ್ತಿದೆ ಎಂದಾಗುತ್ತದೆ!

ದಪ್ಪಕ್ಷರ ಬೇಡವೆಂದಲ್ಲ. ದಪ್ಪವಾಗಿಯೇ ಇರಲೆಂದು ಬರೆದ ಫಾಂಟನ್ನು ಆರಿಸಬೇಕು. ತೆಳುವಾದುದನ್ನು ಯಂತ್ರದಿಂದ ಉಬ್ಬಿಸಬಾರದು. ಏಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ’ ಅಂತಹದು. ದುಂಡಗೆ, ಪುಷ್ಟವಾಗಿ, ಒಳಗಿನ ಬಿಳಿಯನ್ನು ಲೆಕ್ಕವಿಟ್ಟು ರಚಿಸಿದ ಅಕ್ಷರಗಳು. ಯಾರೂ ಉಚಿತವಾಗಿ ಬಳಸಬಹುದು. ಅದೇ ಕುಟುಂಬದ ತೆಲುಗು ಫಾಂಟಿನ ಹೆಸರು ‘ಬಾಲೂ ತಮ್ಮುಡು’. ಎರಡು ಭಾಷೆಯ ಫಲಕ ಬರೆಸುವ ನಮ್ಮಂತಹ ಊರಿಗೆ ಅಣ್ಣನಿಲ್ಲದ ಈ ಇಬ್ಬರು ತಮ್ಮಂದಿರು ಚೆನ್ನಾಗಿ ಹೊಂದುತ್ತಾರೆ: ತೂಕ ಒಂದೇ, ತಲೆಕಟ್ಟು ಬೇರೆ ಬೇರೆ.

ಓರೆಯನ್ನು ‘ಸ್ವಾಗತ’, ‘ಕ್ರೀಡಾಕೂಟ’ದಂತಹ ಒಂದೊಂದು ಪದಕ್ಕೆ ಮೀಸಲಿಟ್ಟರೆ ಸಾಕು. ಶಾಲೆಯ ಹೆಸರು, ತರಗತಿಗಳ ವಿವರ, ದಿನಾಂಕ ನೆಟ್ಟಗೆ ನಿಲ್ಲಲಿ. ಒತ್ತುಗಳಿಗಾಗಿ ಸಾಲುಗಳ ನಡುವೆ ತೆಲುಗಿನ ಸಾಲಿಗಾಗಲಿ ಕನ್ನಡದ ಸಾಲಿಗಾಗಲಿ ಜಾಗ ಉದಾರವಾಗಿರಲಿ. ಫ್ಲೆಕ್ಸ್ ಅಚ್ಚಾಗುವ ಮೊದಲು ಒಂದು ಹಾಳೆಯಲ್ಲಿ ಮಾದರಿಯನ್ನು ತೆಗೆಸಿ, ಗೋಡೆಗೆ ಅಂಟಿಸಿ, ಮೂರನೆಯ ತರಗತಿಯ ಮಗುವನ್ನು ದೂರ ನಿಲ್ಲಿಸಿ ಗಟ್ಟಿಯಾಗಿ ಓದಿಸಿರಿ. ಮಗು ತಡವರಿಸಿದ ಅಕ್ಷರಕ್ಕೆ ಗುರುತು ಹಾಕಿಕೊಂಡು ಅಂಗಡಿಗೆ ಹೋಗಿರಿ.