ಹೊಗೆಯಲ್ಲಿ ಒಣಗಿದ ಸಾಸೇಜು, ಹೆಸರಿನಲ್ಲಿ ಲತೀನು

ಫ್ರಾನ್ಸಿನ ನಾರ್ಮಂಡಿಯಲ್ಲಿ ವೀರ್ ಎಂಬ ಪಟ್ಟಣವಿದೆ. ಅಲ್ಲಿ ಹಂದಿಯ ಕರುಳು, ಜಠರಗಳನ್ನು ತೊಳೆದು, ಹೆಚ್ಚಿ, ಮಸಾಲೆ ಬೆರೆಸಿ, ಮತ್ತೆ ಕರುಳಿನಲ್ಲೇ ತುಂಬಿ ಹೊಗೆಗೆ ಹಿಡಿಯುತ್ತಾರೆ. ಇದರ ಹೆಸರು ‘ಆಂದೂಯ್’. ವಲಸೆ ಹೋದ ಫ್ರೆಂಚರ ಜೊತೆ ಈ ಹೆಸರು ಅಮೆರಿಕದ ಲೂಯಿಸಿಯಾನಾಕ್ಕೂ ಹೋಯಿತು. ಅಲ್ಲಿ ಖಾರ ಜಾಸ್ತಿ.

ಹೆಸರಿನ ಬೇರು ಲತೀನಿನ ‘ಇಂದೂಚೆರೆ’, ಎಂದರೆ ಒಳಗೆ ಸೇರಿಸು. ಕರುಳಿನೊಳಗೆ ತುಂಬಿದ್ದು ಎಂದಷ್ಟೇ ಅರ್ಥ. ಸೆಮಿನರಿಯಲ್ಲಿ ಲತೀನು ಕಲಿತ ನಮಗೆ ಈ ಕ್ರಿಯಾಪದ ಹಳೆಯ ಪರಿಚಯ. ಪ್ರಭು ಕಲಿಸಿದ ಪ್ರಾರ್ಥನೆಯ ಲತೀನು ಪಾಠದಲ್ಲಿ, ಶೋಧನೆಯ ಮಾತು ಬರುವಲ್ಲಿ ಇರುವುದೂ ಇದೇ. ತಪಸ್ಸುಕಾಲದ ಶುಕ್ರವಾರ ಸಾಸೇಜಿನ ವಾಸನೆ ಬಂದವರಿಗೆ ಈ ನಂಟು ಬೇಗ ತಿಳಿದೀತು!

ನಮ್ಮ ಕರಾವಳಿಗೆ ಹೆಸರು ತಂದವರು ಪೋರ್ಚುಗೀಸರು. ಗೋವೆಯವರ ‘ಶೊರೀಸ್’ ಅವರ ‘ಶೊರೀಸು’ವೇ. ‘ವಿಂದಾಲು’ ಮೂಲದಲ್ಲಿ ‘ವಿನ್ಯಾ ದಾಲ್ಯುಸ್’, ಅಂದರೆ ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿ. ದ್ರಾಕ್ಷಾರಸದ ಜಾಗಕ್ಕೆ ಇಲ್ಲಿ ಕಳ್ಳಿನ ವಿನೆಗರ್ ಬಂತು. ಮಂಗಳೂರಿನ ‘ಇಂದಾದ್’ ಅದೇ ವಂಶದ್ದು.

ಅಗಳಿಯಂಥ ಗಡಿಯೂರಿನಲ್ಲಿ ಕನ್ನಡ, ತೆಲುಗು ಒಂದೇ ಮನೆಯಲ್ಲಿ ಕೇಳುವವರಿಗೆ ಮಾತು ಗಡಿ ದಾಟುವುದು ಹೊಸದಲ್ಲ. ಆದರೆ ಅರ್ಥ ಹಿಂದೆ ಉಳಿದರೆ ಅಡುಗೆಯೇ ಬದಲಾಗುತ್ತದೆ. ‘ಆಲ್ಯು’ ಎಂದರೆ ಬೆಳ್ಳುಳ್ಳಿ. ಅದನ್ನು ‘ಆಲೂ’ ಎಂದು ಕೇಳಿಸಿಕೊಂಡ ಎಷ್ಟೋ ಹೋಟೆಲುಗಳು ವಿಂದಾಲುವಿಗೆ ಆಲೂಗಡ್ಡೆ ಹಾಕುತ್ತಿವೆ.