ರೈತನು ಬಂಡೇಳುವುದೇಕೆ?

ರೈತನು ಸ್ವಭಾವತಃ ಸಹನಶೀಲನು. ಮಳೆ ತಡವಾದರೆ ಮುಗಿಲು ನೋಡುತ್ತ ಕಾಯುತ್ತಾನೆ. ಬೆಳೆ ಕೆಟ್ಟರೆ ಮರುವರ್ಷ ಮತ್ತೆ ಬಿತ್ತುತ್ತಾನೆ. ಇಂಥವನು ಒಮ್ಮೊಮ್ಮೆ ಆಳುವವರ ವಿರುದ್ಧ ಎದ್ದುನಿಲ್ಲುವುದೇಕೆ? ನಮ್ಮ ಮಲಪ್ರಭೆಯ ದಂಡೆಯ ಇತಿಹಾಸವೇ ಇದಕ್ಕೆ ಉತ್ತರ ಹೇಳುತ್ತದೆ.

ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನ ಗುಡಿಗಳ ಪಕ್ಕದಲ್ಲಿ ಹರಿದು, ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಈ ನದಿಗೆ ಅಣೆಕಟ್ಟು ಕಟ್ಟಲಾಯಿತು. 1970ರ ದಶಕದಲ್ಲಿ ಬಾದಾಮಿಯ ನೆರೆಯ ನರಗುಂದ, ನವಲಗುಂದಗಳ ಎರೆಭೂಮಿಗೆ ಕಾಲುವೆಯ ನೀರು ಬಂದಿತು. ರೈತರು ಸಾಲಮಾಡಿ ಹೊಸ ತಳಿಯ ಹತ್ತಿಯನ್ನು ಬೆಳೆಯತೊಡಗಿದರು.

ಆದರೆ ಆಸೆಯು ಕೈಗೂಡಲಿಲ್ಲ. ಕಾಲುವೆಯ ತುದಿಯ ಹೊಲಗಳಿಗೆ ನೀರು ಸರಿಯಾಗಿ ತಲುಪಲಿಲ್ಲ. ಕೆಲವೆಡೆ ನೀರು ನಿಂತು ಭೂಮಿ ಜೌಗಾಯಿತು. ಹತ್ತಿಯ ಬೆಲೆ ಕುಸಿಯಿತು. ಅದೇ ಹೊತ್ತಿಗೆ ನೀರಿನ ಕರದೊಂದಿಗೆ, ನೀರಾವರಿಯಿಂದ ಭೂಮಿಯ ಬೆಲೆ ಹೆಚ್ಚಿತೆಂಬ ಕಾರಣದಿಂದ ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರವನ್ನೂ ಸರ್ಕಾರವು ಕೇಳಿತು. ಲಾಭವನ್ನೇ ಕಾಣದವನು ಲಾಭದ ಮೇಲಿನ ಕರವನ್ನು ಎಲ್ಲಿಂದ ತರಬೇಕು? ರೈತರು ಸಮನ್ವಯ ಸಮಿತಿಯನ್ನು ಕಟ್ಟಿ ಮನವಿ ಸಲ್ಲಿಸಿದರು, ಧರಣಿ ಕುಳಿತರು. 1980ರ ಜುಲೈ 21ರಂದು ನಡೆದ ಬಂದ್ ಹಿಂಸೆಗೆ ತಿರುಗಿತು. ಗೋಲೀಬಾರಿನಲ್ಲಿ ರೈತರು ಮಡಿದರು. ಜನರ ರೋಷಕ್ಕೆ ಪೊಲೀಸರೂ ಬಲಿಯಾದರು. ಆ ಮೇಲೆ ಸರ್ಕಾರವು ಹಲವು ರಿಯಾಯಿತಿಗಳನ್ನು ಘೋಷಿಸಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘವು ಹುಟ್ಟಿತು.

ಇಂತಹ ಘಟನೆ ನಮ್ಮ ನಾಡಿಗಷ್ಟೇ ಸೀಮಿತವಾದುದಲ್ಲ. ಅಮೆರಿಕವು ಇನ್ನೂ ಬ್ರಿಟಿಷರ ವಸಾಹತಾಗಿದ್ದಾಗ, ಉತ್ತರ ಕೆರೊಲಿನಾ ಪ್ರಾಂತದ ಒಳನಾಡಿನ ರೈತರೂ ಹೀಗೆಯೇ ನೊಂದಿದ್ದರು. ಅಲ್ಲಿ ನಗದು ಹಣ ವಿರಳವಾಗಿತ್ತು. ಆದರೂ ಕರವನ್ನು ಹಣದಲ್ಲಿಯೇ ಸಲ್ಲಿಸಬೇಕಾಗಿತ್ತು. ಅಧಿಕಾರಿಗಳು ನಿಗದಿಗಿಂತ ಹೆಚ್ಚು ಶುಲ್ಕ ವಸೂಲು ಮಾಡುತ್ತಿದ್ದರು. ಮನವಿಗಳು ಫಲಿಸದಿದ್ದಾಗ 'ರೆಗ್ಯುಲೇಟರ್' ಎಂಬ ಹೆಸರಿನಲ್ಲಿ ರೈತರು ಸಂಘಟಿತರಾದರು. 1771ರ ಮೇ 16ರಂದು ಅಲಮಾನ್ಸ್ ಎಂಬಲ್ಲಿ ಗವರ್ನರ್ ಟ್ರೈಯನ್ನನ ಸೇನೆಯು ಅವರನ್ನು ಸೋಲಿಸಿತು. ಬಳಿಕ ಆರು ಮಂದಿಯನ್ನು ಗಲ್ಲಿಗೇರಿಸಲಾಯಿತು.

ಎರಡು ಘಟನೆಗಳ ನಡುವೆ ಇನ್ನೂರು ವರ್ಷಗಳ ಅಂತರವಿದೆ. ಅಲ್ಲಿದ್ದುದು ಪರದೇಶದ ದೊರೆಯ ಆಳ್ವಿಕೆ. ಇಲ್ಲಿದ್ದುದು ನಾವೇ ಆರಿಸಿದ ಸರ್ಕಾರ. ಆದರೂ ಕಾರಣಗಳು ಒಂದನ್ನೊಂದು ಹೋಲುತ್ತವೆ. ಕರವೊಂದೇ ದಂಗೆಯನ್ನು ಹುಟ್ಟಿಸುವುದಿಲ್ಲ. ಕೊಡುವ ಶಕ್ತಿಯನ್ನು ಅರಿಯದೆ ಕೇಳುವುದು, ಅಹವಾಲಿಗೆ ಕಿವಿಗೊಡದಿರುವುದು ಅದನ್ನು ಹುಟ್ಟಿಸುತ್ತವೆ. ನರಗುಂದ, ನವಲಗುಂದಗಳಲ್ಲಿ ಪ್ರತಿವರ್ಷ ಜುಲೈ 21ರಂದು ಜನರು ಮಡಿದ ರೈತರನ್ನು ಸ್ಮರಿಸುತ್ತಾರೆ. ಆಳುವವರು ಸಕಾಲದಲ್ಲಿ ಕಿವಿಗೊಟ್ಟಿದ್ದರೆ ಆ ಸಾವುಗಳು ತಪ್ಪುತ್ತಿದ್ದವು ಎಂಬುದನ್ನು ನಾವು ಮರೆಯಬಾರದು.