ಗೂಳಿಗಳ ಗುರು ಬದಲು: ಕಪ್ಪಿನ ಆಸೆ ಬಾಕಿ

ಸವದತ್ತಿ ಸೀಮೆಯ ಕಬಡ್ಡಿಪ್ರಿಯರಿಗೆ 2024ರ ಪ್ರೊ ಕಬಡ್ಡಿ ನುಂಗಲಾರದ ತುತ್ತು. ಬೆಂಗಳೂರು ಬುಲ್ಸ್ ಆಡಿದ್ದು 22 ಪಂದ್ಯ, ಗೆದ್ದದ್ದು ಎರಡೇ ಎರಡು! ಹನ್ನೆರಡು ತಂಡಗಳಲ್ಲಿ ಕಟ್ಟಕಡೆ.

ಮೊದಲ ಹಂಗಾಮಿನಿಂದ ಇದ್ದ ತರಬೇತುದಾರ ರಣಧೀರ್ ಸಿಂಗ್ ಹೋದರು, ಕನ್ನಡಿಗ ಬಿ.ಸಿ. ರಮೇಶ್ ಬಂದರು. 2019ರಲ್ಲಿ ಬಂಗಾಳಕ್ಕೆ, 2024ರ ಮಾರ್ಚಿನಲ್ಲಿ ಪುಣೆಗೆ ಕಪ್ಪು ಗೆದ್ದುಕೊಟ್ಟ ಗುರು. ಮಂದಿಗೆ ಕೊಟ್ಟಾರ, ನಮಗ ಕೊಡಂಗಿಲ್ಲೇನು? ಅಭಿಮಾನಿಗಳ ಲೆಕ್ಕಾಚಾರ ಇಷ್ಟೇ.

2025ರಲ್ಲಿ ಮೊದಲ ಮೂರೂ ಪಂದ್ಯ ಸೋತಾಗ ಎದೆ ಧಸಕ್ಕೆಂದಿತು. ಆದರೂ ತಂಡ ಮೈಕೊಡವಿ ಎದ್ದು ಪ್ಲೇ-ಆಫ್ ಮುಟ್ಟಿತು. ಕಪ್ಪು ಮಾತ್ರ ಬರಲಿಲ್ಲ. ಬುಲ್ಸ್ ಕಪ್ಪೆತ್ತಿದ್ದು 2019ರ ಜನವರಿಯಲ್ಲಿ, ಅದೊಂದೇ ಸಲ.

ನವಿಲುತೀರ್ಥದ ಡ್ಯಾಮು ಒಂದೇ ಮಳೆಗೆ ತುಂಬುತ್ತದೆಯೇ? ತುಸು ತಾಳ್ರೆಪಾ!